ನನಗಿಲ್ಲದ ಸಕ್ರಿ ಬ್ಯಾನಿ

ಮೊನ್ನಿ ಚಂದಾಪುರಕ್ಕ ಹೋಗಿದ್ದೆ. ನಮ್ಮ ಬಳಗದಾಕಿ ಒಬ್ಬಾಕಿ ಹೊಸಾ ಮನಿ ಕಟ್ಟ್ಯಾಳ, ನೋಡಿ ಬರೋಣಂತ. ಟ್ರೇದಾಗ ಚಾ ಬಂತು. ಎಲ್ಲಾರ ಕಪ್ಪಿನ ಮ್ಯಾಲೂ ಹೂವಿನ ಚಿತ್ರ, ನನಗೊಬ್ಬಾಕಿಗಿ ಸ್ಟೀಲಿನ ಲೋಟ. "ನಿಮ್ದು ಬ್ಯಾರೆ ಮಾಡೀನ್ರಿ ವೈನಿ, ಒಂದು ಕಾಳು ಸಕ್ರಿ ಹಾಕಿಲ್ಲ," ಅಂದಳು, ದೊಡ್ಡ ಉಪಕಾರ ಮಾಡಿದಾಕಿ ಹಂಗ. ಬಾಯಾಗ ಹಾಕ್ಕೊಂಡೆ. ಥೂ! ಅದು ಚಾ ಏನ್ರಿ, ಕಷಾಯ. "ನನಗ ಸಕ್ರಿ ಬ್ಯಾನಿ ಇಲ್ಲವ್ವಾ, ಎಂದೂ ಇದ್ದಿಲ್ಲ. ಎರಡು ಚಮಚ ಹಾಕಿ ತಗೊಂಡು ಬಾ," ಅಂದೆ. ಅಕಿ ಮಾರಿ ನೋಡಬೇಕಿತ್ತು ನೀವು. ನನಗ ಸಕ್ರಿ ಅದ ಅನ್ನೋ ಸುದ್ದಿ ಎಲ್ಲಾ ಕಡಿ ಮುಟ್ಟ್ಯಾದ, ಇಲ್ಲ ಅನ್ನೋದು ಚಂದಾಪುರ ತನಕ ಇನ್ನಾ ಬಂದಿಲ್ಲ.

ಇದರ ಕತಿ ಕೇಳ್ರಿ, ಕುಂದ್ರಿ. ನಾ ವಾಡಿದಾಗ ಮನ್ಯಾಗೇ ಜಂಪರ್ ಹೊಲೀತೀನಿ. ನಮ್ಮನಿಯವರು ಫರ್ಸಿ ಕಲ್ಲು ಪಾಲಿಶ್ ಮಾಡೋ ಕಡಿ ಕೆಲಸಕ್ಕಿದ್ದಾರ. ಸಂಜಿಕ ಮನಿಗಿ ಬಂದ್ರ ಹುಬ್ಬಿನ ಮ್ಯಾಲ ಸೈತ ಕಲ್ಲಿನ ಪುಡಿ. ನಾವು ಮೂಲದಾಗ ಕಾಗಿಣಾ ಹೊಳಿ ದಂಡಿಯೋರು, ನಮ್ಮ ಹೆಣ್ಮಕ್ಕಳ ದನಿ ಆಚಿ ದಂಡಿಗಿ ಕೇಳಬೇಕು, ಹಂಗ ನಮ್ಮ ಬಾಯಿ. ಅಂಥಾ ಬಾಯಿ ನಂದು ಒಂದು ವರ್ಷ ಬಂದ್ ಆಗಿಬಿಟ್ಟಿತ್ತು. ನಿದ್ದಿ ಇಲ್ಲ, ಉಣ್ಣಬೇಕು ಅನ್ಸಂಗಿಲ್ಲ. ಕತ್ತರಿ ಕೈಯಾಗ ಹಿಡಕೊಂಡು ಬಟ್ಟಿ ನೋಡ್ಕೋತ ಕುಂತ್ರ ಮಧ್ಯಾಹ್ನ ಆಗ್ತಿತ್ತು. ಜಂಪರ್ ಆಯ್ತೇನ್ರಿ ಅಂತ ಯಾರರ ಬಾಗಲಾ ಬಡದ್ರ ಅಳು. ಯಾಕ ಅಳ್ತೀನಿ ಅಂತ ನನಗೇ ಗೊತ್ತಿಲ್ಲ.

ಮೊದಲು ದಾರ ಕಟ್ಟಿಸಿದ್ರು. ನಿಂಬಿಹಣ್ಣು ಇಳಿಸಿದ್ರು. ಆ ಹಣ್ಣರ ಸಾರಿಗಿ ಬರ್ತಿತ್ತು, ರೋಡಿಗಿ ಒಗದ್ರು. ಕಡೀಕ ನಮ್ಮ ಓಣಿ ಡಾಕ್ಟರೇ ಹೇಳಿದ್ರು: ಶಹಾಬಾದ್‌ಕ್ಕ ವಾರಕ್ಕೊಮ್ಮಿ ಮನಸ್ಸಿನ ಡಾಕ್ಟರ್ ಒಬ್ಬರು ಬರ್ತಾರ, ಖಾಸಗಿ ದವಾಖಾನಿ, ಅಲ್ಲಿ ತೋರಿಸ್ರಿ ಅಂತ.

ನೀವೂ ಯಾರರ ಹೋಗೋರಿದ್ದೀರೇನು? ಹಂಗಿದ್ರ ನಾ ಹೆದರಿದಂಗ ಹೆದರಬ್ಯಾಡ್ರಿ. ಕರೆಂಟ್ ಕೊಡ್ತಾರ, ಹಗ್ಗ ಹಚ್ಚಿ ಕಟ್ತಾರ ಅಂತೆಲ್ಲಾ ತೆಲಿ ತುಂಬ ತುಂಬಿಕೊಂಡು ಹೋಗಿದ್ದೆ. ನಮ್ಮನಿಯವರಂತೂ ಯಾರರ ನೋಡ್ಯಾರಂತ ಟಾವೆಲ್ ಮಾರಿಗಿ ಸುತ್ತಿಕೊಂಡಿದ್ರು. ಕಳ್ಳನ ಹಂಗ ಕಾಣ್ತಿದ್ರು, ಅದಕ್ಕೇ ಎಲ್ಲಾರೂ ಅವರನ್ನೇ ನೋಡ್ಲಿಕತ್ತಿದ್ರು! ಒಳಗ ನೋಡಿದ್ರ ಒಂದು ಟೇಬಲ್, ಎರಡು ಕುರ್ಚಿ, ನೀರಿನ ಜಗ್ಗು. ಡಾಕ್ಟರ್ ನನಕಿಂತ ಸಣ್ಣ ಹೆಣ್ಮಗಳು. "ಎಷ್ಟು ದಿನದಿಂದ ಹಿಂಗ ಆಗ್ಲಿಕತ್ತದರಿ?" ಅಂತ ಕೇಳಿ ಸುಮ್ಮ ಕುಂತಳು. ಅವಸರ ಇಲ್ಲ. ನಿದ್ದಿ ಕೇಳಿದಳು, ಹಸಿವಿ ಕೇಳಿದಳು, ಮನಿತನದಾಗ ಮತ್ಯಾರಿಗರ ಹಿಂಗ ಆಗಿತ್ತೇನು ಅಂತ ಕೇಳಿದಳು. "ಸಾಯಬೇಕು ಅಂತ ಅನಸ್ತದೇನ್ರಿ?" ಅಂತ ಸೀದಾ ಕೇಳಿದಳು. ಬಳಗದಾಗ ಇಷ್ಟು ಮಂದಿ ಇದ್ದಾರ, ಒಬ್ಬರೂ ಇದು ಕೇಳಿದ್ದಿಲ್ಲ. ನಾ ಹೂಂ ಅಂದೆ. ಅಂದ ಮ್ಯಾಲ ಎದಿ ಹಗರಾಯ್ತು.

"ನೀವು ಹೇಳಿದ್ದು ಈ ಖೋಲಿ ದಾಟಂಗಿಲ್ಲ. ನಿಮ್ಮ ಜೀವಕ್ಕ ಅಪಾಯ ಅನಿಸಿದ್ರ ಮಾತ್ರ ಮನಿಯೋರಿಗಿ ಹೇಳಬೇಕಾಗ್ತದ," ಅಂದಳು. ಆಮ್ಯಾಲ ನನ್ನ ಕೇಳೇ ನಮ್ಮನಿಯವರನ್ನ ಒಳಗ ಕರದಳು. "ನೀವೇನು ಕಂಡೀರಿ?" ಅಂತ ಕೇಳಿದ್ರ ಆ ಮನಷಾ ಟಾವೆಲ್ ಬಿಚ್ಚಿ, "ಇಕಿ ಬೈಯೋದು ಬಿಟ್ಟಾಳ್ರಿ. ನನಗ ಭಾಳ ಹೆದರಿಕಿ ಆಗ್ಯಾದ," ಅಂದು ಕಣ್ಣು ಒರಸಿಕೊಂಡ್ರು. ಇಪ್ಪತ್ತು ವರ್ಷದ ಸಂಸಾರದಾಗ ನನ್ನ ಬೈಗಳಕ್ಕ ಇಷ್ಟು ಕಿಮ್ಮತ್ತು ಅದ ಅಂತ ಅವತ್ತೇ ತಿಳೀತು.

ರಕ್ತ ತಪಾಸ ಬರದುಕೊಟ್ಟಳು, ಥೈರಾಯ್ಡ್‌ದಿಂದನೂ ಹಿಂಗಾಗ್ತದಂತ. ಒಂದು ಗುಳಗಿ ಕೊಟ್ಟಳು. ಮೊದಲ ನಾಕು ದಿನ ಹೊಟ್ಟಿ ತೊಳಿಸಬಹುದು, ಗುಣ ಕಾಣ್ಲಿಕ್ಕ ಎರಡು ಮೂರು ವಾರ ಹಿಡೀತದ, ನಿಮ್ಮ ಮನಸ್ಸಿಗಿ ಬಂದಂಗ ಬಿಡಬ್ಯಾಡ್ರಿ, ತ್ರಾಸಾದ್ರ ಫೋನ್ ಮಾಡ್ರಿ ಅಂದಳು. ಮೂರು ವಾರ! ಜ್ವರದ ಗುಳಗಿ ಸಂಜಿತನ ಕೆಲಸ ಮಾಡ್ತದ, ಇದೇನು ಎತ್ತಿನ ಗಾಡ್ಯಾಗ ಬರ್ತದೇನು ಅಂತ ಗೊಣಗಿದೆ. ಹೊಟ್ಟಿ ತೊಳಿಸಿದ್ದು ಖರೇ, ಬಾಯಿ ಒಣಗಿದ್ದೂ ಖರೇ. ಮೂರು ವಾರ ಕಳದ ಮ್ಯಾಲ ಒಂದು ದಿನ ಸಾರಿಗಿ ಉಪ್ಪು ಕಮ್ಮಿ ಆಗಿ ಸಿಟ್ಟು ಬಂತು. ಪಾತ್ರಿ ಕುಕ್ಕಿದೆ, ನಮ್ಮನಿಯವರಿಗಿ ಬೈದೆ. ಅವರು ಬೈಸಿಕೊಂಡು ನಗ್ಲಿಕತ್ತಿದ್ರು.

ಈಗ ಕತ್ಯಾಗ ನಮ್ಮ ನಾದಿನಿ ಬರ್ತಾಳ. ಶಾಂತಾಬಾಯಿ ಸೇಡಮ್‌ದಾಗ ಇರ್ತಾಳ, ಬಳಗದ ಸುದ್ದಿ ಎಲ್ಲಾ ಅಕಿ ಕೈಯಾಗೇ. ಕೆಟ್ಟಾಕಿ ಅಲ್ಲ, ಹೆದರುಬುರುಕಿ. ಅಕಿ ಮಗಳು ಭಾಗ್ಯಾಗ ಚಿಂಚೋಳಿ ಕಡಿಯಿಂದ ಒಂದು ಛಲೋ ಬೀಗತನ ಬಂದಿತ್ತು. ಹುಡುಗಿ ಮಾಮಿ ಮನಸ್ಸಿನ ಡಾಕ್ಟರ್ ಹತ್ರ ಹೋಗ್ತಾಳ ಅಂತ ಗೊತ್ತಾದ್ರ ಮುಗೀತು ಅಂತ ನನಗ ಸಕ್ರಿ ಬ್ಯಾನಿ ಅದ ಅಂತ ಕೋಡ್ಲಾ ಊರಿಂದ ಕೊಡ್ಲಿ ಊರ ತನಕ ಫೋನ್ ಹಚ್ಚಿ ಹೇಳಿದಳು. ತೆಲಿ ನೋಡ್ರಿ ಅಕಿದು! ಸಕ್ರಿ ಅಂದ್ರ ಮರ್ಯಾದಿ ಬ್ಯಾನಿ. ದಿನಾ ಗುಳಗಿ, ತಿಂಗಳಿಗೊಮ್ಮಿ ಡಾಕ್ಟರ್, ಎಲ್ಲಾ ಹೊಂದತದ. ಅವತ್ತಿನಿಂದ ನನ್ನ ಬಾಯಿಗಿ ಸಿಹಿ ಬಂದ್. ಹೋದಲ್ಲೆಲ್ಲಾ ಹಾಗಲಕಾಯಿ ರಸ, ಮೆಂತ್ಯ ನೀರು.

"ಲಗ್ನ ಗಟ್ಟಿ ಆಗೂತನಕ ಬಾಯಿ ಮುಚ್ಚಿಕೊಂಡಿರು. ಈಗ ಛಲೋ ಆಗೀಯಲ್ಲಾ, ಗುಳಗಿನೂ ಬಿಟ್ಟುಬಿಡು," ಅಂದಳು ಶಾಂತಾಬಾಯಿ. ಬಾಯಿ ಮುಚ್ಚಿದೆ, ಭಾಗ್ಯಾನ ಸಲುವಾಗಿ. ಅಕಿ ನಾ ಆಡಿಸಿ ಬೆಳಿಸಿದ ಕೂಸು. ಗುಳಗಿ ಮಾತ್ರ ಬಿಡಂಗಿಲ್ಲ ಅಂದೆ. ಮತ್ತ ಆ ವರ್ಷಕ್ಕ ಹೊಳ್ಳಿ ಹೋಗು ಅಂದ್ರ ಹೋಗಾಕಿ ಅಲ್ಲ ನಾ.

ಕೊಡ್ಲಿದಾಗ ಬಳಗದೊಂದು ತೊಟ್ಟಿಲ ಕಾರ್ಯ ಇತ್ತು. ಪಂಕ್ತಿಯಾಗ ನನ್ನ ಎದರೇ ಚಿಂಚೋಳಿ ವರನ ತಾಯಿ. ಹೋಳಿಗಿ ಬಂತು, ಬಿಸಿಬಿಸಿ. "ಅಕಿಗಿ ಬ್ಯಾಡ, ಸಕ್ರಿ ಅದ," ಅಂತ ಶಾಂತಾಬಾಯಿ ದೂರದಿಂದಲೇ ಒದರಿದಳು. ವರನ ತಾಯಿ ಕನಿಕರದಿಂದ, "ಇರ್ಲಿ ಬಿಡ್ರಿ, ನಮ್ಮನ್ಯಾಗೂ ಎಲ್ಲಾರಿಗೂ ಸಕ್ರಿ ಅದ," ಅಂದಳು. ಅಲ್ಲಿಗೇ ನಿಂತಿದ್ರ ನಾನೂ ಸುಮ್ಮನಿರ್ತಿದ್ದೆ. "ಸಕ್ರಿ ಇದ್ರ ಏನಿಲ್ರಿ. ತೆಲಿ ಕೆಟ್ಟೋರಿದ್ರ ನೋಡ್ರಿ ಫಜೀತಿ. ನಮ್ಮ ಓಣ್ಯಾಗ ಒಬ್ಬಾಕಿ ತೆಲಿ ಗುಳಗಿ ತಗೋತಾಳ, ನಾವು ಯಾರೂ ಅಕಿ ಮನಿ ನೀರು ಸೈತ ಮುಟ್ಟಂಗಿಲ್ಲ," ಅಂದು ನಕ್ಕಳು.

ಆ ಓಣಿಯಾಕಿ ಯಾರೋ, ನಾ ನೋಡಿಲ್ಲ. ಆದ್ರೂ ನನಗ ನೆತ್ತಿ ತನಕ ಉರೀತು. ಹೋಳಿಗಿ ಬಡಸಾಂವನ್ನ ಹೊಳ್ಳಿ ಕರದೆ. "ಇಲ್ಲಿ ಎರಡು ಹಾಕ್ರಿ, ತುಪ್ಪ ಬಿಡ್ರಿ. ನನಗ ಸಕ್ರಿ ಇಲ್ಲ. ನಾನೂ ಮನಸ್ಸಿನ ಡಾಕ್ಟರ್ ಕೊಟ್ಟ ಗುಳಗಿನೇ ತಗೋತೀನಿ. ಜೀವ ಉಳದದ ಅದರಿಂದ," ಅಂದೆ, ಪೂರಾ ಪಂಕ್ತಿಗಿ ಕೇಳೋಹಂಗ. ಯಾರ ಕೈನೂ ಬಾಯಿಗಿ ಹೋಗ್ಲಿಲ್ಲ. ನಾ ಎರಡೂ ತಿಂದೆ. ರುಚಿ ಹತ್ತಲಿಲ್ಲ, ಆದ್ರೂ ಒಂದು ಚೂರು ಬಿಡಲಿಲ್ಲ.

ಕೈ ತೊಳಿಯೋ ಜಾಗದಾಗ ಶಾಂತಾಬಾಯಿ ನನ್ನ ರಟ್ಟಿ ಹಿಡದು, "ನನ್ನ ಮಗಳ ಬಾಳ್ವೆಗಿ ಮಣ್ಣು ಹಾಕಿದಿ," ಅಂದಳು. ವಾರ ಆಗೂದ್ರಾಗ ಚಿಂಚೋಳಿಯಿಂದ ಹೇಳಿ ಕಳಿಸಿದ್ರು, ಹುಡುಗ ಈಗೇ ಲಗ್ನ ಒಲ್ಲೆ ಅಂತಾನಂತ. ಎಲ್ಲಾರಿಗೂ ತಿಳೀತು ಯಾಕಂತ. ನಾನೂ ಅತ್ತೆ ಅವತ್ತ. ಭಾಗ್ಯಾಗ ಫೋನ್ ಹಚ್ಚಲಿಕ್ಕ ಧೈರ್ಯ ಆಗಲಿಲ್ಲ. ಪಂಕ್ತಿಗಿ ಹೆದರದಾಕಿ ಒಂದು ಹುಡುಗಿಗಿ ಹೆದರಿದೆ ನೋಡ್ರಿ.

ಇವತ್ತ ನಂದು ಶಹಾಬಾದ್ ವಾರ. ವಾಡಿ ಪ್ಲಾಟ್‌ಫಾರ್ಮಿನಾಗ ಗಾಡಿ ಕಾಯ್ಕೋತ ಕುಂತಿದ್ದೆ. ಸೇಡಮ್ ಕಡಿಯಿಂದ ಬಂದ ಗಾಡಿ ಇಳದು ಭಾಗ್ಯಾ ನನ್ನ ಬಾಜೂಕ ಬಂದು ಕುಂತಳು. "ಮಾಮಿ ಜೋಡಿ ಹೋಗ್ತೀನಂತ ಅವ್ವಗ ಹೇಳೇ ಬಂದೀನಿ," ಅಂದಳು. ನಾ ಮಾರಿ ನೋಡ್ದೇ, "ಬೀಗತನ ಹೋಯ್ತಲ್ಲವ್ವಾ," ಅಂದೆ. ಅಕಿ ನನ್ನ ಕಡಿ ಹೊಳ್ಳಿ ಕೇಳಿದಳು: "ಮಾಮಿ, ಆ ಮನ್ಯಾಗ ನಾಳಿ ನನಗ ಹಿಂಗ ಆಗಿದ್ರ, ಅವರು ನನಗ ಯಾವ ಬ್ಯಾನಿ ಅದ ಅಂತ ಹೇಳ್ತಿದ್ರು?"

ಅಕಿ ಕೈ ಹಿಡಕೊಂಡೆ. ಗಾಡಿ ಬಂತು, ಇಬ್ಬರೂ ಹತ್ತಿದೆವು. ಎದರಿನ ಸೀಟಿನ ಮುದುಕಿ, "ಎಲ್ಲಿಗ್ಹೊಂಟೀರಿ, ಅತ್ತಿ ಸೊಸಿ?" ಅಂದಳು. ನಾ ಬಾಯಿ ತೆರಿಯೋದ್ರಾಗ ಭಾಗ್ಯಾನೇ ಹೇಳಿದಳು, ಡಬ್ಬಿಗೆಲ್ಲಾ ಕೇಳೋಹಂಗ: "ಶಹಾಬಾದ್‌ಕ್ಕರಿ, ಮನಸ್ಸಿನ ಡಾಕ್ಟರ್ ಹತ್ರ."