ರಾಣಿ ಒಪ್ಪಿದ ಕಾರಣ

ಮಗಳು ಮದುವೆಯಾಗಬೇಕೆಂದಿದ್ದ ಹುಡುಗ ಘಾನಾ ದೇಶದವನು. ಅಮೆರಿಕದ ಬೆಲ್ವ್ಯೂದಲ್ಲಿ ಇಬ್ಬರದೂ ಒಂದೇ ಆಫೀಸು. ಅವನು ನಮಗೆ ಹೊಸಬನಲ್ಲ, ಪಕ್ಕದ ನ್ಯೂಕ್ಯಾಸಲ್‌ನ ನಮ್ಮ ಮನೆಗೆ ಬಂದು ಹೋಗುತ್ತಲೇ ಇದ್ದ. ಹೊಸಬರೆಂದರೆ ಅವನ ತಾಯಿ. ಅಕ್ರಾದಿಂದ ಮೊದಲ ಸಲ ಅಮೆರಿಕಕ್ಕೆ ಬಂದಿದ್ದರು. ಆ ಶನಿವಾರ ಅವರು ರಾತ್ರಿ ಊಟಕ್ಕೆ ಬರುವವರೆಗೆ ನನಗೆ ಕೈಕಾಲೇ ಆಡಲಿಲ್ಲ. ಸೋಫಾದ ದಿಂಬುಗಳನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದೆ.

"ಅವರೇನು ಇನ್ಸ್‌ಪೆಕ್ಷನ್‌ಗೆ ಬರ್ಲಿಕ್ಕತ್ತಾರೇನು? ಸುಮ್ನ ಕೂಡು," ಎಂದರು ನನ್ನವರು. ವಿಮಾನದ ರೆಕ್ಕೆಗಳ ಲೆಕ್ಕ ಹಾಕುತ್ತಾ ನಿವೃತ್ತರಾದ ಎಂಜಿನಿಯರ್. ಮನೆಯ ಗಾಬರಿಯೆಲ್ಲ ನನ್ನ ಪಾಲಿಗೇ ಬಿಟ್ಟಿದ್ದರು.

ಊಟ ಚೆನ್ನಾಗಿಯೇ ಆಯಿತು. ಆದರೆ ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ಕೈ ತೊಳೆದು ಬಂದ ಆ ತಾಯಿ ಬ್ಯಾಗಿನಿಂದ ಒಂದು ಡಿವಿಡಿ ತೆಗೆದು, "ನಮ್ಮ ಕಡೆಯ ಸಿನಿಮಾ. ರಾಜಮನೆತನದ ಪ್ರೇಮಕಥೆ. ಎಲ್ಲರೂ ಕೂತು ನೋಡೋಣವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ರಾಜಕುಮಾರ ಲಂಡನ್ನಿನಲ್ಲಿ ಓದಿ ಬರುತ್ತಾನೆ. ಹೊಳೆಯ ದಾರಿಯಲ್ಲಿ ನೀರು ಹೊತ್ತ ಬಡ ಹುಡುಗಿಯನ್ನು ಕಂಡು ಮನಸೋಲುತ್ತಾನೆ. ಅಷ್ಟರಲ್ಲಿ ಅವನ ತಾಯಿ, ರಾಣಿ, ಮಂತ್ರಿಯ ಮಗಳನ್ನು ಗೊತ್ತು ಮಾಡಿಟ್ಟಿದ್ದಾಳೆ. ಅರಮನೆ ಎಂದರೆ ಬಂಗಾರದ ಬಣ್ಣ ಬಳಿದ ಎರಡು ಸೋಫಾ. ಸಂಗೀತ ಮಾತನ್ನೆಲ್ಲ ನುಂಗುತ್ತಿತ್ತು. ಇಂಥ ಕಥೆಗಳನ್ನು ಹುಬ್ಬಳ್ಳಿಯ ಟಾಕೀಸುಗಳಲ್ಲಿ ನಾನು ಎಷ್ಟು ನೋಡಿಲ್ಲ! ಮುಂದೆ ಆಗುವುದೆಲ್ಲ ಗೊತ್ತಿತ್ತು. ಈಕೆ ಇದನ್ನು ಯಾಕೆ ತಂದರು ಅನ್ನುವುದೊಂದೇ ಗೊತ್ತಿರಲಿಲ್ಲ.

"ಹೊರಗಿನ ಹುಡುಗಿ ಈ ಹೊಸಿಲು ದಾಟಕೂಡದು!" ಎಂದು ರಾಣಿ ಕಿರುಚಿದಳು. ನಮ್ಮ ಮಗಳು ಬೇಡ ಅಂತ ಹೇಳುವ ರೀತಿಯೇ ಇದು? ಅಥವಾ ಆ ರಾಣಿ ನಾನೇ ಅಂತಲೋ? ಮಗಳು ಹುಡುಗನ ಕೈಯಿಂದ ತನ್ನ ಕೈ ಮೆಲ್ಲಗೆ ಬಿಡಿಸಿಕೊಂಡಳು. ಹುಡುಗನ ತಾಯಿಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ಆ ಹುಡುಗಿ ಕಡೀಕ ರಾಜಕುಮಾರಿನ ಆಗ್ತಾಳ, ನೋಡು," ಎಂದು ನನ್ನವರು ಕಿವಿಯಲ್ಲಿ ಉಸುರಿದರು.

ಹಾಗೆಯೇ ಆಯಿತು. ಹುಡುಗಿಯ ಭುಜದ ಮೇಲೊಂದು ಮಚ್ಚೆ. ಅವಳು ಪಕ್ಕದ ರಾಜ್ಯದ ರಾಜನ ಕಳೆದುಹೋದ ಮಗಳಂತೆ. ರಾಣಿ ತಕ್ಷಣ ತಬ್ಬಿಕೊಂಡಳು, ಎಲ್ಲರೂ ಕುಣಿದರು, ಸಿನಿಮಾ ಮುಗಿಯಿತು.

ಚಹಾದ ನೆಪದಲ್ಲಿ ನಾನು ಅಡಿಗೆಮನೆಗೆ ಹೋದೆ. ಹುಡುಗನ ತಾಯಿ ಹಿಂದೆಯೇ ಬಂದರು.

"ಎಂಥ ದರಿದ್ರ ಸಿನಿಮಾ!" ಎಂದರು. "ಕೊನೆಗೆ ತಾಯಿ ಒಪ್ಪುತ್ತಾಳೆ ಅಂತ ನನ್ನ ತಂಗಿ ಹೇಳಿದ್ದಳು. ಅದನ್ನು ನಂಬಿ ಇದನ್ನು ತೆಗೆದುಕೊಂಡು ಬಂದೆ. ನಾನು ಒಪ್ಪಿದ್ದೇನೆ ಅಂತ ನಿಮಗೆ ಹೇಗೆ ಹೇಳಬೇಕೋ ತಿಳಿಯಲಿಲ್ಲ. ಆದರೆ ಇದೇನು? ಮಚ್ಚೆ ಇಲ್ಲದಿದ್ದರೆ ಆ ರಾಣಿ ಒಪ್ಪುತ್ತಲೇ ಇರಲಿಲ್ಲವಲ್ಲ!"

ನನಗೆ ನಗು ಬಂತು, ಹಿಂದೆಯೇ ಅಳುವೂ. "ನಮ್ಮ ಹುಡುಗಿ ಬೇಡ ಅಂತಿದೀರಿ ಅಂದುಕೊಂಡೆ," ಎಂದೆ.

"ನಾನೇ? ನನಗೆ ನಿಮ್ಮದೇ ಭಯ. ನೀವು ಒಪ್ಪಿದ್ದೀರಾ?"

"ನಾವಿಬ್ಬರೂ ಒಪ್ಪಿದೀವಿ. ನಮ್ಮಣ್ಣನಿಗೆ ಮಾತ್ರ ಇನ್ನೂ ಹೇಳಿಲ್ಲ."

ಅಪ್ಪ ತೀರಿದ ಮೇಲೆ ನಮ್ಮಲ್ಲಿ ಶುಭಕಾರ್ಯಗಳೆಲ್ಲ ಗದಗಿನ ಅಣ್ಣನ ಮಾತಿನಂತೆಯೇ ನಡೆಯುತ್ತಿದ್ದವು. ತಿಂಗಳುಗಟ್ಟಲೆಯಿಂದ ಫೋನ್ ಕೈಗೆತ್ತಿಕೊಳ್ಳುವುದು, ಮತ್ತೆ ಇಟ್ಟುಬಿಡುವುದು, ಇಷ್ಟೇ ಆಗಿತ್ತು.

"ಈಗಲೇ ಮಾಡಿ. ನಾನು ಇಲ್ಲೇ ನಿಂತಿರುತ್ತೇನೆ," ಎಂದರು ಆಕೆ.

ಊರಲ್ಲಿ ಆಗ ಬೆಳಗಾಗಿತ್ತು. ಕಾಲ್ ಮಾಡಿ, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಆಕೆ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಹುಡುಗ ಖಾರ ತಿಂತಾನೇನು?" ಅಣ್ಣ ಕೇಳಿದ.

"ನಮಗಿಂತ ಹೆಚ್ಚು ತಿಂತಾನ."

"ಹಂಗಾದ್ರ ಕರಕೊಂಡು ಬಾ. ಮೊದಲ ನೋಡೂಣು."

ಒಪ್ಪಿದೆ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. "ಏನಂದರು, ಏನಂದರು?" ಎಂದು ಆಕೆ ನನ್ನ ತೋಳು ಅಲ್ಲಾಡಿಸುತ್ತಿದ್ದರು.

ಚಳಿಗಾಲದ ರಜೆಯಲ್ಲಿ ಎಲ್ಲರೂ ಗದಗಿಗೆ ಹೋದೆವು. ಅಣ್ಣ ಹುಡುಗನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನೆಂಟರ ಮನೆಗಳಿಗೆಲ್ಲ ಸುತ್ತಿಸಿದ. ಏನು ತೀರ್ಮಾನಿಸಿದ ಅಂತ ಮಾತ್ರ ಬಾಯಿಬಿಡಲಿಲ್ಲ. ಅಲ್ಲಿದ್ದಷ್ಟು ದಿನ ನನಗೆ ಅನ್ನ ಸೇರಲಿಲ್ಲ. ನಾವು ಹೊರಡುವ ದಿನ ಬೆಳಿಗ್ಗೆ ಎಲ್ಲಿಗೋ ಹೋಗಿದ್ದವನು ಬೆವರು ಒರೆಸಿಕೊಳ್ಳುತ್ತಾ ಬಂದ. ಪುರೋಹಿತರ ಹತ್ತಿರ ಮುಹೂರ್ತ ಕೇಳಿಕೊಂಡು ಬಂದಿದ್ದ.