ಸೀತೆಯನ್ನು ‘ಅದು’ ಎಂದವರು

ಸೀತೆಯ ಕಥೆಯನ್ನು ಹೆಂಗಸರ ಬಾಯಲ್ಲೇ ಹೇಳಿಸಬೇಕು, ಆ ವಿಡಿಯೋ ಹಿಂದಿನ ಪರದೆಯ ಮೇಲೆ ಓಡುತ್ತಿರುವಾಗ ಎದುರು ನಾನು ನೃತ್ಯ ಮಾಡಬೇಕು ಎಂದು ಹೊರಟಿದ್ದೆ. ಹ್ಯಾಂಡಿಕ್ಯಾಮ್ ಹೊಸದು, ಹುಮ್ಮಸ್ಸೂ ಹೊಸದು. ಸಿದ್ದಾಪುರದ ಹತ್ತಿರ ದೊಡ್ಮನೆ ಎಂಬ ಊರಿನಲ್ಲಿ ಒಬ್ಬ ಅಜ್ಜಿ ಬಾಳೆಎಲೆ ಒರೆಸುತ್ತ, ಕ್ಯಾಮೆರಾ ಇದೆ ಎಂಬುದನ್ನೇ ಮರೆತು ಹೇಳಿದರು: “ಅದು ಬಸುರಿ. ಕಾಡಲ್ಲಿ ಒಂದೇಯ ಕೂತ್ಕಂಡು ಅಳ್ತು. ಅದಕ್ಕೆ ಯಾರೂ ಇಲ್ಲೆ.”

ನಾನು ಮೈಸೂರಿನವಳು, ಮೈ ಉರಿಯಿತು. ಸೀತೆಯನ್ನು ಪಾತ್ರೆಪಗಡದ ಹಾಗೆ ‘ಅದು’ ಅನ್ನುವುದೇ? “‘ಅವಳು’ ಅನ್ನಿ ಅಜ್ಜಿ” ಎಂದು ತಿದ್ದಿ, ಅದೇ ಟೇಪಿನ ಮೇಲೆ ಮತ್ತೆ ಹೇಳಿಸಿದೆ. ಅವರು ಎಲೆ ಬದಿಗಿಟ್ಟು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಕೈಕಟ್ಟಿ ಕೂತು ಹೇಳಿದರು.

ಸಿದ್ದಾಪುರದಲ್ಲಿ ಪ್ರದರ್ಶನ ಮುಗಿದ ಮೇಲೆ ಅಜ್ಜಿ ಬಂದು ನನ್ನ ಕೈ ಹಿಡಿದುಕೊಂಡರು. “ಕುಣಿದದ್ದು ಚೊಲೋ ಆತು ತಂಗಿ. ಆದ್ರೆ ಯಾರದೋ ಮನೆ ಹೆಂಗಸಿನ ಕಥೆ ಹೇಳ್ದಾಂಗೆ ಆತು. ಯನ್ನ ಮಗಳಿಗೂ ಆನು ‘ಅದು’ ಹೇಳೇ ಹೇಳ್ತೆ. ಯನ್ನ ಆಯಿಗೂ ಹಾಂಗೇಯ.”

ಅವರ ಮನೆಮಾತಿನಲ್ಲಿ ತಾಯಿ, ಮಗಳು, ಸೊಸೆ ಎಲ್ಲರೂ ‘ಅದು’ವೇ. ಅವರು ಸೀತೆಯನ್ನು ಮನೆಯೊಳಗೆ ಕರೆದುಕೊಂಡಿದ್ದರು. ನಾನು ಅವಳನ್ನು ಇನ್ನೊಂದು ಸಲ ಹೊರಗೆ ಕಳಿಸಿದ್ದೆ. ಆ ಮೊದಲ ಮಾತು ಟೇಪಿನಿಂದ ಅಳಿಸಿಯೇ ಹೋಗಿತ್ತು.

ಆಮಂತ್ರಣ ಪತ್ರಿಕೆ ಮಾತ್ರ ಇನ್ನೂ ನನ್ನ ಬಳಿ ಇದೆ. ‘ಹೆಣ್ಣಿನದೇ ಮಾತಿನಲ್ಲಿ ಸೀತೆ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆ. ವ್ಯಾಕರಣ ನನ್ನದು ಎಂದು ಕೆಳಗೊಂದು ಸಾಲು ಸೇರಿಸಬೇಕಿತ್ತು.