ಗಾಳಿ ಸೇದುವ ಹಗ್ಗ

ಕಾಂಕ್ರೀಟು ಕೊರೆಯುವಾಗ ಒಂದು ವಾಸನೆ ಏಳುತ್ತದೆ. ಸುಟ್ಟ ಸುಣ್ಣದ್ದೂ ಅಲ್ಲ, ಒದ್ದೆ ಸಿಮೆಂಟಿನದೂ ಅಲ್ಲ, ಎರಡರ ನಡುವಿನದು. ಒಮ್ಮೆ ಮೂಗಿನಲ್ಲಿ ಕೂತರೆ ಸಾಯಂಕಾಲದವರೆಗೂ ಏಳುವುದಿಲ್ಲ. ಇವತ್ತು ಬೆಳಿಗ್ಗೆಯಿಂದ ತುಮಕೂರು ಸದಾಶಿವನಗರದ ನಮ್ಮ ಮನೆಯ ತುಂಬ ಅದೇ ವಾಸನೆ. ನಡುಮನೆಯಲ್ಲಿ ಏಣಿ ಹಾಕಿಕೊಂಡು ಎಲೆಕ್ಟ್ರಿಷಿಯನ್ ಸಿದ್ದರಾಜು ತಾರಸಿಗೆ ತೂತು ಕೊರೆಯುತ್ತಿದ್ದ. ಫ್ಯಾನು ನೇತುಹಾಕಲು ಒಂದು ಹುಕ್ಕು ಬೇಕು, ಅದಕ್ಕೆ.

“ತಪ್ಪು ತಿಳ್ಕೋಬ್ಯಾಡಿ ಸಾರ್,” ಎಂದ ಅವನು, ರೆಪ್ಪೆಯ ಮೇಲಿನ ಪುಡಿ ಒರೆಸಿಕೊಳ್ಳುತ್ತ. “ನಾನು ಈ ಕೆಲ್ಸಕ್ಕೆ ಬಂದು ಇಪ್ಪತ್ತು ವರ್ಷಾಯ್ತು. ಒಂದು ಹುಕ್ಕೂ ಇಲ್ದಿರೋ ತಾರಸಿ ನೋಡ್ತಿರೋದು ಇದೇ ಫಸ್ಟು. ಮೋಲ್ಡ್ ಹಾಕೋವಾಗ ಮರ್ತುಬುಟ್ರಾ?”

“ಮರೆತಿರಲಿಲ್ಲ ಕಣಪ್ಪ, ಬೇಡ ಅಂದಿದ್ದೆ,” ಎಂದೆ. ದಿವಾನದ ಮೇಲೆ ಬಲಭುಜಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಕೂತಿದ್ದ ನನ್ನ ಹೆಂಡತಿ ರತ್ನ ನನ್ನನ್ನು ನೋಡಲಿಲ್ಲ. ಏಣಿಯ ಕಾಲು ನೋಡುತ್ತಿದ್ದಳು.

ಬೇಡ ಅಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಆಗ ನಾನು ಕ್ಯಾತ್ಸಂದ್ರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ಭೌತಶಾಸ್ತ್ರ ಓದಿದವನು ಮನೆ ಕಟ್ಟಿಸಬಾರದು ಸ್ವಾಮಿ. ಕಟ್ಟಿಸಿದರೂ ಬಾಯಿ ಮುಚ್ಚಿಕೊಂಡು ಕಟ್ಟಿಸಬೇಕು. ನಾನು ಗುಬ್ಬಿಯಲ್ಲಿ ಮಣ್ಣಿನ ಮಾಳಿಗೆ ಮನೆಯಲ್ಲಿ ಹುಟ್ಟಿ ಬೆಳೆದವನು. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಸ್ಕೂಲಿನಿಂದ ಬಂದು ಆ ಮನೆಯ ನೆಲಕ್ಕೆ ಬೆನ್ನು ಕೊಟ್ಟರೆ ಮೈಯೊಳಗಿನ ಬಿಸಿಲೆಲ್ಲ ನೆಲಕ್ಕೆ ಇಳಿದುಹೋಗುತ್ತಿತ್ತು. ಫ್ಯಾನು ಎಂಬ ಪದಾರ್ಥವನ್ನು ನಾವು ಕಂಡದ್ದು ಪೋಸ್ಟಾಫೀಸಿನಲ್ಲಿ ಮಾತ್ರ. ಆ ತಂಪು ತುಮಕೂರಿನ ಸೈಟಿನಲ್ಲೂ ಬರಬೇಕು, ಅದೂ ಕರೆಂಟಿಲ್ಲದೆ ಬರಬೇಕು ಎನ್ನುವುದು ನನ್ನ ಹಟ. ಯಾವ ಯಾವುದೋ ಕೈಪಿಡಿ ತರಿಸಿ ಓದಿದೆ, ಸಿಮೆಂಟಿನ ಖಾಲಿ ಚೀಲದ ಮೇಲೆ ಸೀಮೆಸುಣ್ಣದಿಂದ ಬಾಣದ ಗುರುತು ಹಾಕಿ ಮೇಸ್ತ್ರಿ ತಿಮ್ಮಯ್ಯನಿಗೆ ಪಾಠ ಮಾಡಿದೆ. ಒತ್ತಿದ ಮಣ್ಣಿನ ಇಟ್ಟಿಗೆಯ ದಪ್ಪ ಗೋಡೆ. ಪಡುವಣಕ್ಕೆ ತಗ್ಗಿನಲ್ಲಿ ಕಿಟಕಿಗಳು. ನಡುಮನೆಯ ನೆತ್ತಿಯ ಮೇಲೆ ಆಳೆತ್ತರದ ಒಂದು ಗೂಡು, ಅದರ ನಾಲ್ಕೂ ದಿಕ್ಕಿಗೆ ಮರದ ನಾಲ್ಕು ಬಾಗಿಲು, ಒಂದೊಂದು ಬಾಗಿಲಿಗೆ ಒಂದೊಂದು ಹಗ್ಗ. ನಾನು ಅದಕ್ಕೆ ಗಾಳಿಗೂಡು ಎಂದು ಹೆಸರಿಟ್ಟೆ. ಚಳಿಗಾಲಕ್ಕೂ ಏರ್ಪಾಡಿತ್ತು. ಬಚ್ಚಲ ಹಂಡೆ ಒಲೆಯ ಹೊಗೆಕೊಳವೆ ಮಲಗುವ ಕೋಣೆಯ ಗೋಡೆಯೊಳಗೆ ಹಾದುಹೋಗುವಂತೆ ಮಾಡಿಸಿದ್ದೆ. ಡಿಸೆಂಬರಿನ ಬೆಳಗಿನಲ್ಲಿ ಆ ಗೋಡೆಗೆ ಒರಗಿಕೊಂಡು ಕಾಫಿ ಕುಡಿಯುವುದು ಎಂಥ ಸುಖ ಎಂದು ಹೇಗೆ ಹೇಳಲಿ. ಆ ಒಲೆಗೆ ಐದು ಗಂಟೆಗೆ ಎದ್ದು ಬೆಂಕಿ ಹಾಕುವವರು ಯಾರು ಎಂಬುದು ಕೈಪಿಡಿಯಲ್ಲಿ ಇರಲಿಲ್ಲ.

ಮೋಲ್ಡ್ ಹಾಕುವ ದಿನ ತಿಮ್ಮಯ್ಯ ಕಂಬಿ ಬಗ್ಗಿಸಿದ ನಾಲ್ಕು ಹುಕ್ಕು ಕೈಯಲ್ಲಿ ಹಿಡಿದುಕೊಂಡು ಬಂದ. “ಎಲ್ಲೆಲ್ಲಿ ಬುಡನಾ ಸಾರ್?” ಎಂದು ಕೇಳಿದ. ಎಲ್ಲೂ ಬೇಡ ಎಂದೆ. ಅವನಿಗೆ ಅರ್ಥವಾಗಲಿಲ್ಲ.

“ರೀ, ಒಂದಾದ್ರೂ ಬಿಡಿಸ್ರಿ,” ಎಂದಳು ಕೆಲಸದವರಿಗೆ ಟೀ ತಂದಿದ್ದ ರತ್ನ.

“ಅಮ್ಮಾರು ಹೇಳ್ತಾವ್ರೆ, ಒಂದು ಬುಟ್ಬುಡ್ತೀನಿ ಸಾರ್. ಕಬ್ಬಿಣದ ತುಂಡು, ಅದೇನು ಊಟ ಕೇಳಕಿಲ್ಲ.”

“ಹುಕ್ಕಿದ್ರೆ ಫ್ಯಾನಿನ ಆಸೆ ಬರುತ್ತೆ. ಆಸೆಗೆ ಜಾಗಾನೇ ಇರಬಾರದು,” ಎಂದೆ ನಾನು. ಇಂಥ ಮಾತು ಆಡಿದಾಗ ನನಗೆ ನಾನೇ ಬಹಳ ದೊಡ್ಡವನಾಗಿ ಕಾಣುತ್ತಿದ್ದೆ. ತಿಮ್ಮಯ್ಯ ಹುಕ್ಕುಗಳನ್ನು ಮರಳಿನ ಗುಡ್ಡೆಯ ಮೇಲೆ ಎಸೆದ. ರತ್ನ ಖಾಲಿ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು.

ಮನೆ ತಣ್ಣಗಿತ್ತು. ಅದರಲ್ಲಿ ಸುಳ್ಳಿಲ್ಲ. ಬಂದವರಿಗೆಲ್ಲ ನಾನು ಗಾಳಿಗೂಡಿನ ಕೆಳಗೆ ನಿಲ್ಲಿಸಿ ಪಾಠ ಮಾಡುತ್ತಿದ್ದೆ. “ಬಿಸಿ ಗಾಳಿ ತಾನಾಗಿಯೇ ಮೇಲೆ ಹೋಗುತ್ತೆ. ಆ ಜಾಗಕ್ಕೆ ತಣ್ಣನೆ ಗಾಳಿ ತಾನಾಗಿಯೇ ಒಳಗೆ ಬರುತ್ತೆ. ನಾವೇನೂ ಮಾಡಬೇಕಾಗಿಲ್ಲ.” ತಾನಾಗಿಯೇ ಎನ್ನುವಾಗ ಕೈಯನ್ನು ಹೀಗೆ ಮೇಲಕ್ಕೆ ತೇಲಿಸುತ್ತಿದ್ದೆ. ಆ ವರ್ಷಗಳಲ್ಲಿ ನಮ್ಮ ಕಡೆ ಬೇಸಿಗೆ ಎಂದರೆ ಲೋಡ್ ಶೆಡ್ಡಿಂಗು. ಕರೆಂಟು ಹೋದರೆ ಅಕ್ಕಪಕ್ಕದವರು ಸೆಕೆ ತಾಳಲಾರದೆ ನಮ್ಮ ನಡುಮನೆಗೆ ಬಂದು ಕೂರುತ್ತಿದ್ದರು. ನಾನು ಬೀಗುತ್ತ ಪಾಠ ಶುರುಮಾಡುತ್ತಿದ್ದೆ, ರತ್ನ ಎಲ್ಲರಿಗೂ ಮಜ್ಜಿಗೆ ಕೊಡುತ್ತಿದ್ದಳು. ಬೇಸಿಗೆ ಹತ್ತಿರ ಬಂದರೆ ತಾರಸಿಯ ಮೇಲೆ ಹಾಸಲು ಅಮೃತೂರಿನಿಂದ ನಮ್ಮ ಮಾವನವರು ತೋಟದ ತೆಂಗಿನ ಗರಿ ಕಟ್ಟಿ ಪ್ರೈವೇಟ್ ಬಸ್ಸಿನ ಟಾಪಿಗೆ ಹಾಕಿಸಿ ಕಳಿಸುತ್ತಿದ್ದರು. ಕಂಡಕ್ಟರನ ಬೈಗುಳ ತಿಂದು ಅದನ್ನು ಇಳಿಸಿಕೊಂಡು ಆಟೋದಲ್ಲಿ ತರುತ್ತಿದ್ದವಳು ರತ್ನ. ನನಗೆ ಆ ಹೊತ್ತಿಗೆ ಕಾಲೇಜು ಇರುತ್ತಿತ್ತು.

ಟೇಬಲ್ ಫ್ಯಾನಾದರೂ ತರಬಹುದಿತ್ತಲ್ಲ ಎನ್ನುತ್ತೀರಿ. ಇತ್ತು. ಗೃಹಪ್ರವೇಶಕ್ಕೆ ಮಾವನವರೇ ತಂದುಕೊಟ್ಟಿದ್ದರು. ಬಂದವರು ಕಂಡರೆ ನನ್ನ ಪಾಠಕ್ಕೆ ಮರ್ಯಾದೆ ಏನು ಉಳಿಯುತ್ತದೆ ಎಂದು ಡಬ್ಬದ ಸಮೇತ ಅಟ್ಟಕ್ಕೆ ಹಾಕಿಸಿದ್ದೆ.

ಒಂದು ಬೇಸಿಗೆಯಲ್ಲಿ ನಮ್ಮ ಅತ್ತೆಯವರು ಬಿದ್ದು ಕಾಲು ಮುರಿದುಕೊಂಡರು, ರತ್ನ ಮೂರು ವಾರ ಅಮೃತೂರಿಗೆ ಹೋಗಿದ್ದಳು. ಎರಡನೆಯ ದಿನಕ್ಕೇ ಮನೆ ಕಾದ ಕಾವಲಿಯಾಯಿತು. ನಾನು ಎಂಟಕ್ಕೆ ಎದ್ದು ಎಲ್ಲ ಕಿಟಕಿ ತೆಗೆದೆ. ಗಾಳಿ ಚೆನ್ನಾಗಿ ಬರಲಿ ಎಂದು ದಿನವಿಡೀ ತೆಗೆದೇ ಇಟ್ಟೆ. ಬಿಸಿಗಾಳಿ ಒಳಗೆ ಬಂತು, ಅದರ ಜೊತೆ ರಸ್ತೆಯ ಧೂಳೂ ಬಂತು. ಗಾಳಿಗೂಡಿನ ಹಗ್ಗಗಳಲ್ಲಿ ಯಾವುದೋ ಎರಡನ್ನು ಎಳೆದು ನೋಡಿದೆ, ಇನ್ನಷ್ಟು ಧೂಳು ಬಂತು. ಈ ವರ್ಷದ ಬಿಸಿಲೇ ಬೇರೆ ಥರ ಎಂದು ಕಾಲೇಜಿನಲ್ಲಿ ಎಲ್ಲರಿಗೂ ಹೇಳಿದೆ. ಐದನೆಯ ದಿನ ಮಧ್ಯಾಹ್ನ ಬಾಗಿಲಿಗೆ ಚಿಲಕ ಹಾಕಿ ಅಟ್ಟ ಹತ್ತಿ ಟೇಬಲ್ ಫ್ಯಾನು ಇಳಿಸಿದೆ. ನಗಬೇಡಿ. ಸದ್ದು ಪಕ್ಕದ ಮನೆಗೆ ಕೇಳಬಾರದೆಂದು ರೇಡಿಯೋ ಹಾಕಿಕೊಂಡು ಅದರ ಮುಂದೆ ಮಲಗಿದೆ. ರತ್ನ ಬರುವ ಹಿಂದಿನ ದಿನ ಮತ್ತೆ ಡಬ್ಬಕ್ಕೆ ತುಂಬಿ, ಡಬ್ಬ ಚೆನ್ನಾಗಿ ಒರೆಸಿ, ಇದ್ದ ಜಾಗದಲ್ಲೇ ಇಟ್ಟೆ.

ಬಂದ ಮಾರನೆಯ ದಿನ ಅವಳು ಅಟ್ಟದ ಕಡೆ ನೋಡಿ, “ಆ ಡಬ್ಬದ ಧೂಳು ಯಾರ್ರೀ ಒರೆಸಿದ್ದು?” ಎಂದಳು. ಅಷ್ಟೇ. ನನ್ನ ಉತ್ತರಕ್ಕೆ ಕಾಯಲೂ ಇಲ್ಲ. ಎರಡು ದಿನದಲ್ಲಿ ಮನೆ ಮೊದಲಿನಂತೆ ತಣ್ಣಗಾಯಿತು. “ನೋಡಿದ್ಯಾ, ಬಿಸಿಲು ಕಮ್ಮಿಯಾಯ್ತು,” ಎಂದೆ ನಾನು. ಇಷ್ಟಾದರೂ ನನ್ನ ತಲೆಗೆ ಹೋಗಲಿಲ್ಲ ಎಂಬುದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

ತಲೆಗೆ ಹೋದದ್ದು ಹೋದ ತಿಂಗಳು. ರತ್ನಳ ಬಲಭುಜ ಹಿಡಿದುಕೊಂಡಿತು. ಜಡೆ ಹಾಕಿಕೊಳ್ಳಲು ಕೈ ಮೇಲೇಳುತ್ತಿರಲಿಲ್ಲ. ಡಾಕ್ಟರು ಅವಳ ತೋಳನ್ನು ಆ ಕಡೆ ಈ ಕಡೆ ತಿರುಗಿಸಿ, ಏನು ಕೆಲಸ ಮಾಡ್ತೀರಿ ಎಂದು ಕೇಳಿದರು.

“ಏನಿಲ್ಲ, ಮನೆಕೆಲಸ.”

“ಮೇಲಿಂದ ಕೆಳಕ್ಕೆ ಎಳೆಯೋ ಕೆಲಸ ಏನಾದ್ರೂ ಇದೆಯೇನಮ್ಮಾ? ಬಾವಿ ಇದೆಯಾ ಮನೇಲಿ, ನೀರು ಸೇದ್ತೀರಾ?”

“ನೀರಲ್ಲ ಡಾಕ್ಟ್ರೇ, ಗಾಳಿ ಸೇದ್ತೀನಿ,” ಎಂದಳು ರತ್ನ.

ಡಾಕ್ಟರು ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ. ದಿನಕ್ಕೆ ಎಷ್ಟು ಸಲ ಎಂದು ಅವರು ಕೇಳಿದಾಗ ಎಡಗೈಯ ಬೆರಳ ಗೆಣ್ಣು ಮುಟ್ಟುತ್ತ ಹೇಳತೊಡಗಿದಳು. ಬೆಳಿಗ್ಗೆ ಐದಕ್ಕೆ ತಂಪು ಗಾಳಿ ಒಳಗೆ ಬರಲಿ ಎಂದು ನಾಲ್ಕೂ ಹಗ್ಗ. ಬಿಸಿಲೇರಿ ಒಂಬತ್ತಾಗುವ ಮೊದಲು ಮತ್ತೆ ನಾಲ್ಕೂ ಮುಚ್ಚುವುದು, ಕಿಟಕಿಗಳನ್ನು ಮುಚ್ಚುವುದು. ಮಧ್ಯಾಹ್ನ ಪಡುವಣ ಕಿಟಕಿ ಮಾತ್ರ ತೆಗೆದು ಅದಕ್ಕೆ ಕಟ್ಟಿದ ಗೋಣಿತಾಟನ್ನು ಗಂಟೆಗೊಮ್ಮೆ ನೆನೆಸುವುದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ ಅದರ ಎದುರು ದಿಕ್ಕಿನ ಬಾಗಿಲೊಂದನ್ನು ಮಾತ್ರ ತೆಗೆಯುವುದು, ಗಾಳಿ ತಿರುಗಿದರೆ ಅದನ್ನು ಮುಚ್ಚಿ ಇನ್ನೊಂದು ತೆಗೆಯುವುದು. ಸಾಯಂಕಾಲ ತಾರಸಿಯ ಗರಿಗೆ ಬಕೆಟ್ಟಿನಲ್ಲಿ ನೀರು ಹೊತ್ತು ಚಿಮುಕಿಸುವುದು. ಆಮೇಲೆ ಗಾಳಿಯ ಜೊತೆ ಬಂದ ಧೂಳು ಗುಡಿಸುವುದು. ನಾಲ್ಕು ಬೆರಳಿನ ಗೆಣ್ಣು ಮುಗಿದವು. ಅವಳ ದನಿಯಲ್ಲಿ ದೂರು ಇರಲಿಲ್ಲ. ದಣಿವು ಮಾತ್ರ ಇತ್ತು, ಅದೂ ಹಳೆಯ ದಣಿವು. ಡಾಕ್ಟರು ನನ್ನ ಕಡೆ ತಿರುಗಿ, “ನೀವೇನು ಮಾಡ್ತೀರಿ?” ಎಂದರು. ಅವರು ಕೇಳಿದ್ದು ಉದ್ಯೋಗವನ್ನು. ಮೇಷ್ಟ್ರು ಎಂದಷ್ಟೇ ಹೇಳಿದೆ, ಭೌತಶಾಸ್ತ್ರದ ಹೆಸರೆತ್ತಲಿಲ್ಲ.

ಆಟೋದಲ್ಲಿ ಬರುವಾಗ ಗುಬ್ಬಿಯ ಮನೆ ನೆನಪಾಯಿತು. ಆ ತಣ್ಣನೆಯ ನೆಲವನ್ನು ಅಮ್ಮ ದಿನ ಬಿಟ್ಟು ದಿನ ಸಗಣಿಯಿಂದ ಸಾರಿಸುತ್ತಿದ್ದಳು. ಮಾಳಿಗೆಯ ಬೆಳಕಿಂಡಿಗೆ ಒಂದು ಹಲಗೆ ಮುಚ್ಚಳ ಇತ್ತು. ಅದನ್ನು ಉದ್ದನೆಯ ಬಿದಿರ ಗಳುವಿನಿಂದ ಸರಿಸುತ್ತಿದ್ದಳು, ಕತ್ತು ಹಿಂದಕ್ಕೆ ಬಾಗಿಸಿ, ಕಣ್ಣಿಗೆ ಬೀಳುವ ಮಣ್ಣಿಗೆ ರೆಪ್ಪೆ ಬಡಿಯುತ್ತ. ಇದೆಲ್ಲ ನಾನು ಕಂಡದ್ದೇ. ಆದರೆ ಇಷ್ಟು ವರ್ಷ ನನ್ನ ನೆನಪಿನಲ್ಲಿ ಉಳಿದಿದ್ದದ್ದು ಬೆನ್ನಿಗೆ ತಾಗಿದ ತಂಪು ಮಾತ್ರ. ಕರೆಂಟು ಬೇಡದ ಮನೆ ಎಂದು ಊರಿಗೆಲ್ಲ ಸಾರಿದೆ. ಆ ಮನೆ ನಡೆಯುತ್ತಿದ್ದದ್ದು ಒಬ್ಬಳ ತೋಳಿನಿಂದ. “ನನಗ್ಯಾಕೆ ಹೇಳ್ಲಿಲ್ಲ?” ಎಂದು ಕೇಳಿದೆ. “ಹುಕ್ಕು ಬೇಕು ಅಂತ ಹೇಳಿದ್ನಲ್ಲ,” ಎಂದಳು ರತ್ನ.

ಮಧ್ಯಾಹ್ನದ ಹೊತ್ತಿಗೆ ಸಿದ್ದರಾಜು ಬೋಲ್ಟು ಬಡಿದು, ಹುಕ್ಕು ಕೂರಿಸಿ, ಗೋಡೆಯ ಮೇಲೆ ಬಿಳಿ ಪ್ಲಾಸ್ಟಿಕ್ ಪಟ್ಟಿ ಹೊಡೆದು ವೈರು ಎಳೆದ. ಫ್ಯಾನು ತಿರುಗಿತು. “ಕಮ್ಮಿ ಮಾಡಪ್ಪ, ತಲೆ ಮೇಲೇ ಬೀಳೋ ಹಂಗಿದೆ,” ಎಂದಳು ರತ್ನ. ಆದರೂ ದಿವಾನದ ಮೇಲೆ ಕಾಲು ಚಾಚಿಕೊಂಡಳು.

“ಈ ಹಗ್ಗ ಎಲ್ಲ ಬಿಚ್ಚಿ ಹಾಕ್ಬುಡನಾ ಸಾರ್? ಇನ್ಯಾಕೆ ಇವು, ಅಡ್ಡ,” ಎಂದು ಸಿದ್ದರಾಜು ಕೇಳುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಫ್ಯಾನು ನಾಲ್ಕು ಸುತ್ತು ತಿರುಗಿ ನಿಂತಿತು. ಮೂವರೂ ಅದನ್ನೇ ನೋಡಿದೆವು. ರತ್ನ ಒಂದು ಕೈ ಊರಿ ಏಳಹೊರಟಳು.

“ನೀನು ಮಲಕ್ಕೋ,” ಎಂದು ನಾನೇ ಎದ್ದು ಹೋಗಿ ಒಂದು ಹಗ್ಗ ಹಿಡಿದೆ.

“ಅದು ಉತ್ತರದ್ದು. ಮೊದ್ಲು ಹೊರಗೆ ಹೋಗಿ ಪಕ್ಕದ ಮನೆ ತೆಂಗಿನ ಗರಿ ಯಾವ ಕಡೆಗೆ ವಾಲ್ತಿದೆ ನೋಡ್ಕೊಂಡು ಬನ್ನಿ.”

ನೋಡಿಕೊಂಡು ಬಂದು, ಮೂಡಣಕ್ಕೆ ಎಂದೆ. “ಹಂಗಾದ್ರೆ ಗಾಳಿ ಪಡುವಲಿಂದ. ಮೂಡ್ಲ ಕಡೆ ಹಗ್ಗ ಎಳೀರಿ,” ಎಂದಳು. ಎಳೆದೆ, ಬಾಗಿಲು ಅಲ್ಲಾಡಲಿಲ್ಲ. ಎರಡೂ ಕೈ ಹಾಕಬೇಕಾಯಿತು. ಹಗ್ಗದಲ್ಲಿ ಒಂದು ಕಡೆ ಮಾತ್ರ ಗೇಣುದ್ದ ಸವೆದು, ಕಪ್ಪಾಗಿ, ನುಣುಪಾಗಿತ್ತು. ನಾನು ಹಿಡಿದ ಜಾಗಕ್ಕಿಂತ ಕೆಳಗೆ, ಅವಳ ಎತ್ತರಕ್ಕೆ. ನಾನು ಸ್ವಲ್ಪ ಬಗ್ಗಿ ಅಲ್ಲಿಯೇ ಹಿಡಿದು ಎಳೆದೆ. ಮೇಲೆ ಮರದ ಬಾಗಿಲು ನರಳಿಕೊಂಡು ತೆರೆಯಿತು. ಸ್ವಲ್ಪ ಹೊತ್ತಿಗೆ ಒದ್ದೆ ಗೋಣಿಯ ವಾಸನೆಯ ತಣ್ಣನೆ ಗಾಳಿ ನೆಲದ ಮೇಲಿಂದ ಸುಳಿದು ಬಂತು. ಕೊರೆದ ಕಾಂಕ್ರೀಟಿನ ವಾಸನೆ ಮೇಲೆದ್ದು ಹೊರಗೆ ಹೋಯಿತು.

“ಅರೆರೆ! ಬಂತಲ್ಲ ಸಾರ್ ಗಾಳಿ! ತಾನಾಗೇ ಬತ್ತದಾ ಇದು?” ಎಂದ ಸಿದ್ದರಾಜು.

ಇಷ್ಟು ವರ್ಷ ಹೇಳಿದ ಪಾಠ ಬಾಯಿಗೆ ಬಂತು. “ಇಲ್ಲ ಕಣಪ್ಪ,” ಎಂದೆ. “ಇಷ್ಟು ದಿವಸ ಇವಳು ಸೇದಿ ಹಾಕ್ತಿದ್ಲು.”

ಅವಳಿಗೆ ಕೇಳಿಸಿತೇನೋ ಎಂದು ತಿರುಗಿ ನೋಡಿದೆ. ರತ್ನಳಿಗೆ ನಿದ್ದೆ ಬಂದಿತ್ತು, ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಈ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಅವಳು ಮಲಗಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಕರೆಂಟು ಬಂದ ಮೇಲೆ ಬರುತ್ತೇನೆಂದು ಸಿದ್ದರಾಜು ಸದ್ದಾಗದಂತೆ ಏಣಿ ಎತ್ತಿಕೊಂಡು ಹೋದ. ಕೈ ಬಿಟ್ಟರೆ ಬಾಗಿಲು ಬಿದ್ದು ಸದ್ದಾಗುತ್ತದೆ, ಹಗ್ಗವನ್ನು ಗೋಡೆಯ ಮೊಳೆಗೆ ಹೇಗೆ ಸುತ್ತಿ ಬಿಗಿಯುವುದೆಂದು ನನಗೆ ಗೊತ್ತಿರಲಿಲ್ಲ. ಎಬ್ಬಿಸಿ ಕೇಳಲು ಮನಸ್ಸಾಗದೆ, ಹಿಡಿದುಕೊಂಡೇ ನಿಂತೆ.